ನೀರಿಗಿಂತ ಮೊದಲು ಮೀಟರನ್ನು ಪರೀಕ್ಷೆ ಮಾಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಕೆರೆ ಏರಿಯ ಮೇಲೆ ನಾಲ್ಕು ಜನ ಕೂತಿದ್ದಾರೆ, ಅದರಲ್ಲಿ ಒಬ್ಬರು ಲೋಟದ ನೀರಿಗೆ ಪೆನ್ನಿನಂಥ ಮೀಟರ್ ಅದ್ದಿ ಕ್ಯಾಮೆರಾಕ್ಕೆ ತೋರಿಸುತ್ತಿದ್ದಾರೆ. ಕೆಳಗೆ ಬರೆದಿತ್ತು: ‘ಟಿಡಿಎಸ್ 140, ನೀರು ಕುಡಿಯಲು ಯೋಗ್ಯ.’ (ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಲವಣದ ಲೆಕ್ಕ.) ಹಿಂದೆ ಅದೇ ಕೆರೆಯಲ್ಲಿ ಎರಡು ಎಮ್ಮೆ ಕುತ್ತಿಗೆಮಟ್ಟ ಮುಳುಗಿ ಆರಾಮಾಗಿದ್ದವು. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ನನಗೆ ಮಾತ್ರ ಅಷ್ಟಾಗಿ ನಗು ಬರಲಿಲ್ಲ. ಯಾಕಂದ್ರೆ ಎರಡು ವರ್ಷದ ಹಿಂದೆ ಅಂಥದೇ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಊರಿಗೆಲ್ಲ ಬುದ್ಧಿ ಹೇಳುತ್ತಾ ತಿರುಗಿದವನು ನಾನೇ. ಆಮೇಲೆ ಆಗಿದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ, ಜಾಗ ಇಲ್ಲದಿದ್ದರೆ ಕತ್ತರಿಸಿ, ಆದರೆ ಮಧ್ಯದಲ್ಲಿ ಬರುವ ಅಂಕಿಗಳನ್ನು ಮಾತ್ರ ಕತ್ತರಿಸಬೇಡಿ.

ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಹೇಮಾವತಿ ಹುಟ್ಟುವ ಜಾವಳಿ ನಮ್ಮ ತಾಲ್ಲೂಕಿನಲ್ಲೇ ಇದೆ, ನೀರಿನ ಬಗ್ಗೆ ಜಂಬ ಜಾಸ್ತಿ. ನಾನು ಮೊದಲು ತರಿಸಿದ್ದು ಟಿಡಿಎಸ್ ಪೆನ್ನಲ್ಲ, ನೀರು ಎಷ್ಟು ಹುಳಿ ಅಂತ ಹೇಳುವ ಪಿಎಚ್ ಪೆನ್ನು. ಕಾಫಿ ಹಣ್ಣನ್ನು ಪಲ್ಪ್ ಮಾಡಿ, ಅಂದರೆ ಸಿಪ್ಪೆ ಸುಲಿದು, ತೊಳೆದ ನೀರು ಹುಳಿಯಾಗಿರುತ್ತದೆ, ಅದನ್ನು ಹಾಗೇ ಹಳ್ಳಕ್ಕೆ ಬಿಡುವ ಹಾಗಿಲ್ಲ, ಹೊಂಡಕ್ಕೆ ಬಿಟ್ಟು ಸುಣ್ಣ ಹಾಕಿ ಹುಳಿ ಮುರಿಯಬೇಕು. ಎಷ್ಟು ಸುಣ್ಣ ಅಂತ ಗೊತ್ತಾಗಲಿ ಎಂದು ಆನ್‌ಲೈನ್‌ನಲ್ಲಿ ಒಂದು ಹಳದಿ ಪೆನ್ನು ತರಿಸಿದೆ. ಡಬ್ಬಿಯಲ್ಲಿ ಪೆನ್ನು, ಒಂದು ಪುಟ್ಟ ಸ್ಕ್ರೂ ಡ್ರೈವರ್, ಜೊತೆಗೆ ಮೂರು ಪುಡಿ ಪೊಟ್ಟಣ. ಪೊಟ್ಟಣದ ಮೇಲೆ 4.00, 6.86, 9.18 ಅಂತ ಬರೆದಿತ್ತು. ಸಕ್ಕರೆ ಪೊಟ್ಟಣದ ಹಾಗೆ ಕಾಣುತ್ತಿದ್ದವು. ಏನೋ ಫ್ರೀ ಕೊಟ್ಟಿದ್ದಾರೆ ಅಂತ ಡ್ರಾಯರಿಗೆ ಹಾಕಿದೆ. ಬ್ಯಾಟರಿ ಹಾಕಿ, ಅದ್ದಿ, ನಂಬರ್ ಬಂತು, ಖುಷಿಯಾಯಿತು.

ಆ ಜನವರಿಯಲ್ಲಿ ಪಲ್ಪಿಂಗ್ ಮುಗಿದ ಮೇಲೆ ಪೆನ್ನನ್ನು ಒರೆಸಿ, ಮುಚ್ಚಳ ಹಾಕಿ ಶೆಲ್ಫ್ ಮೇಲೆ ಇಟ್ಟೆ. ಮತ್ತೆ ತೆಗೆದದ್ದು ಮಳೆಗಾಲಕ್ಕೆ ಮುಂಚೆ, ಕಾಳುಮೆಣಸಿಗೆ ರೋಗ ಬರದಂತೆ ಬೋರ್ಡೋ ಔಷಧಿ ಹೊಡೆಯುವಾಗ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಶೇಕಡಾ ಒಂದರ ಬೋರ್ಡೋ ಅಂದರೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಸುಣ್ಣ ಕಮ್ಮಿಯಾದರೆ ತಾಮ್ರ ಬಿಡಿಯಾಗಿ ಉಳಿದು ಎಲೆ ಸುಟ್ಟುಹೋಗುತ್ತದೆ. ನಮ್ಮ ತೋಟದಲ್ಲಿ ಅಪ್ಪನ ಕಾಲದಿಂದ ಇರುವ ಮೇಸ್ತ್ರಿಯೊಬ್ಬರು ಇದನ್ನು ಪರೀಕ್ಷೆ ಮಾಡುವುದು ಕತ್ತಿಯಿಂದ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯ ತುದಿಯನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಕೆಂಪಗೆ ತಾಮ್ರ ಕೂತಿದ್ದರೆ ಇನ್ನೂ ಸುಣ್ಣ ಬೇಕು. ಕೂರದಿದ್ದರೆ ಸರಿ.

ನಾನು ಪೆನ್ನು ಅದ್ದಿದೆ. 7.0 ತೋರಿಸಿತು. ಪಿಎಚ್ 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಸುಣ್ಣದ ಕಡೆ. ‘ಆಯ್ತು, ಹೊಡೀರಿ’ ಅಂದೆ. ಮೇಸ್ತ್ರಿ ಸುಮ್ಮನೆ ಕತ್ತಿ ಎತ್ತಿ ತೋರಿಸಿದರು. ತುದಿಯಲ್ಲಿ ಹೊಸ ಐದು ಪೈಸೆ ಬಣ್ಣ, ಅಲ್ಲ, ಐದು ಪೈಸೆ ಬೆಳ್ಳಗಿತ್ತು, ಹಳೇ ತಾಮ್ರದ ಕಾಸಿನ ಬಣ್ಣ. ‘ಅಯ್ಯಾ, ನಿಮ್ಮ ಕಡ್ಡಿಗೆ ಏನೋ ಆಗಿದೆ’ ಅಂದರು. ನಾನು ಒಪ್ಪಲಿಲ್ಲ. ಸಾವಿರ ರೂಪಾಯಿ ಹತ್ತಿರ ಕೊಟ್ಟು ತರಿಸಿದ ಮೀಟರು ಸುಳ್ಳು ಹೇಳುತ್ತದಾ, ಕತ್ತಿ ಸತ್ಯ ಹೇಳುತ್ತದಾ? ಹತ್ತು ನಿಮಿಷ ವಾದ ಮಾಡಿ, ಕೊನೆಗೆ ಅವಮಾನ ತಾಳಲಾರದೆ ಮನೆಗೆ ಬಂದು ಡ್ರಾಯರಿನಲ್ಲಿದ್ದ 6.86ರ ಪೊಟ್ಟಣ ಒಡೆದೆ. ಹಿಂದೆ ಸಣ್ಣ ಅಕ್ಷರದಲ್ಲಿ 250 ಮಿಲಿ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಅಂತ ಇತ್ತು. ಕರಗಿಸಿ ಪೆನ್ನು ಅದ್ದಿದೆ. 8.2 ಬಂತು.

6.86 ಇರಬೇಕಾದ ಕಡೆ 8.2. ಅಂದರೆ ಪೆನ್ನು ಸುಮಾರು 1.3ರಷ್ಟು ಮೇಲೆ ಹೇಳುತ್ತಿತ್ತು, ಡ್ರಮ್ಮಿನಲ್ಲಿ ನಿಜವಾಗಿ ಇದ್ದದ್ದು 5.7ರ ಆಸುಪಾಸು. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಅನ್ನುವುದನ್ನು ಹೈಸ್ಕೂಲಿನಲ್ಲಿ ಓದಿ ಮರೆತಿದ್ದೆ. ಮೇಸ್ತ್ರಿಯ ಹತ್ತಿರ ಹೋಗಿ ‘ಸುಣ್ಣ ಹಾಕಿ’ ಅಂದೆ. ಅವರು ಆಗಲೇ ಹಾಕಿದ್ದರು.

ಪೆನ್ನಿಗೆ ಏನಾಗಿತ್ತು ಅಂತ ಆಮೇಲೆ ತಿಳಿದುಕೊಂಡೆ. ಅದರ ತುದಿಯಲ್ಲಿ ಒಂದು ಗಾಜಿನ ಬುರುಡೆ ಇರುತ್ತದೆ, ಗುಲಗಂಜಿಗಿಂತ ಸ್ವಲ್ಪ ದೊಡ್ಡದು, ಹಾಳೆಯಷ್ಟು ತೆಳ್ಳಗಿನ ಗಾಜು. ಆ ಗಾಜು ಒದ್ದೆಯಾಗಿದ್ದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ನಾನು ನಾಲ್ಕು ತಿಂಗಳು ಒಣಗಿಸಿಟ್ಟಿದ್ದೆ. ಸಾಲದ್ದಕ್ಕೆ ಪಲ್ಪ್ ನೀರಿನ ಲೋಳೆ ಅಲ್ಲೇ ಕಚ್ಚಿಕೊಂಡು ಒಣಗಿತ್ತು. ಬಟ್ಟೆಯಿಂದ ಗಸಗಸ ಉಜ್ಜಿದ್ದು ಇನ್ನೊಂದು ತಪ್ಪು, ಗಾಜಿನ ತುದಿಯನ್ನು ಉಜ್ಜಬಾರದು, ನೀರು ಹಾಕಿ ತೊಳೆದು ಟಿಶ್ಯೂ ಕಾಗದ ತಾಗಿಸಿ ಹನಿ ತೆಗೆದರೆ ಸಾಕು. ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ನಾಲ್ಕು ಹನಿ ಹಾಕಿ ಇಡಬೇಕು. ಅದನ್ನೇ ಸ್ಟೋರೇಜ್ ಸೊಲ್ಯೂಷನ್ ಅಂತ ಮಾರುತ್ತಾರೆ. ‘ಶುದ್ಧ ನೀರೇ ಒಳ್ಳೇದಲ್ವಾ’ ಅಂತ ಡಿಸ್ಟಿಲ್ಡ್ ವಾಟರಿನಲ್ಲಿ ಇಡುವವರಿದ್ದಾರೆ. ಅದು ಒಳಗಿನ ಉಪ್ಪನ್ನೇ ಎಳೆದುಕೊಂಡು ಪೆನ್ನನ್ನು ಬೇಗ ಕೊಲ್ಲುತ್ತದೆ. ನನ್ನದನ್ನು ರಾತ್ರಿಯಿಡೀ ನೆನೆಸಿಟ್ಟ ಮೇಲೆ ಅರ್ಧ ದಾರಿಗೆ ಬಂತು, ಉಳಿದರ್ಧವನ್ನು ಸ್ಕ್ರೂ ತಿರುಗಿಸಿ ತಂದೆ.

ಇದನ್ನೇ ಕ್ಯಾಲಿಬ್ರೇಷನ್ ಅನ್ನುವುದು. ದೊಡ್ಡ ಹೆಸರು ಕೇಳಿ ಹೆದರಬೇಕಿಲ್ಲ. ತಕ್ಕಡಿಗೆ ಸರಿಯಾದ ತೂಕದ ಕಲ್ಲು ಇಟ್ಟು ಮುಳ್ಳು ನೋಡುತ್ತೇವಲ್ಲ, ಅಷ್ಟೇ. ಆ ಪೊಟ್ಟಣಗಳೇ ತೂಕದ ಕಲ್ಲು. ಒಂದೇ ಕಲ್ಲಿಟ್ಟು ನೋಡಿದರೆ ಸಾಲದು, ಎರಡಾದರೂ ಬೇಕು. ಮೊದಲು 6.86ರಲ್ಲಿ ಅದ್ದಿ ಸರಿಮಾಡಿಕೊಳ್ಳಿ, ಆಮೇಲೆ ನೀವು ಅಳೆಯುವ ನೀರು ಹುಳಿ ಕಡೆಯದಾದರೆ 4.00, ಸುಣ್ಣದ ಕಡೆಯದಾದರೆ 9.18. ಯಾಕೆ ಅಂದರೆ ಪೆನ್ನು ನಿಜವಾಗಿ ಅಳೆಯುವುದು ವೋಲ್ಟೇಜನ್ನು, 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್. ಗಾಜು ಹಳತಾದ ಹಾಗೆ ಅದು 55, 50 ಅಂತ ಇಳಿಯುತ್ತದೆ. ಆಗ 6.86ರಲ್ಲಿ ಸರಿ ಹೇಳುವ ಪೆನ್ನೇ 4ರ ಹತ್ತಿರ ಸುಳ್ಳು ಹೇಳುತ್ತದೆ. ಹಾಗೆ ಕುಸಿದ ಪೆನ್ನನ್ನು ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ, ಎಸೆಯಬೇಕು. ಕರಗಿಸಿದ ನೀರನ್ನು ಬಾಟಲಿಯಿಂದ ಸಣ್ಣ ಲೋಟಕ್ಕೆ ಬಗ್ಗಿಸಿಕೊಂಡು ಅದ್ದಿ, ಮುಗಿದ ಮೇಲೆ ಚೆಲ್ಲಿ. ವಾಪಸ್ ಬಾಟಲಿಗೆ ಸುರಿಯಬೇಡಿ. 9.18ರದ್ದು ಗಾಳಿ ತಾಗಿದರೆ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಬೇಗ ಕೆಡುತ್ತದೆ. ಇನ್ನೊಂದು ಮಾತು, ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ ಅಡುಗೆಮನೆಯಲ್ಲೇ 15 ಡಿಗ್ರಿ ಇರುತ್ತದೆ. 6.86 ಅನ್ನುವುದು 25 ಡಿಗ್ರಿಯ ಲೆಕ್ಕ, 15ರಲ್ಲಿ ಅದು 6.90. ದೊಡ್ಡ ವ್ಯತ್ಯಾಸ ಅಲ್ಲ, ಆದರೆ ‘ನಾನು ಸರಿಯಾಗಿ ತಿರುಗಿಸಿದ್ದೀನಿ, ಸಂಜೆಗೆ ಯಾಕೆ ಬದಲಾಯ್ತು’ ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ, ಅದಕ್ಕೆ ಹೇಳಿದೆ.

ಸುಮ್ನೆ ಒಂದು ವಿಷಯ. ಪಿಎಚ್ ಅನ್ನುವ ಲೆಕ್ಕ ಹುಟ್ಟಿದ್ದು 1909ರಲ್ಲಿ, ಕೋಪನ್‌ಹೇಗನ್ನಿನ ಒಂದು ಬಿಯರ್ ಕಂಪನಿಯ ಲ್ಯಾಬಿನಲ್ಲಿ, ಸೋರೆನ್ಸೆನ್ ಅನ್ನುವವರಿಂದ. ಈಗಿನ ಪಿಎಚ್ ಮೀಟರಿನ ಮೂಲ ಅನ್ನಬಹುದಾದ ಪೆಟ್ಟಿಗೆಯನ್ನು 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ಮಾಡಿದ್ದು ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಂಘದಲ್ಲಿದ್ದ ಹಳೆಯ ಸಹಪಾಠಿಗೆ ನಿಂಬೆರಸದ ಹುಳಿ ಅಳೆದುಕೊಡಲು. ಅಂದರೆ ಮೊದಲಿಂದಲೂ ಇದು ಬೆಳೆಗಾರರ ಸಾಮಾನು. ನಾವು ಮಣ್ಣಿನ ಪಿಎಚ್ ನೋಡಿಸೋಕೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಸ್ಯಾಂಪಲ್ ಕಳಿಸುವಷ್ಟು ಶ್ರದ್ಧೆಯವರು, ಮನೆಯಲ್ಲಿರುವ ಪೆನ್ನಿನ ಪೊಟ್ಟಣ ಒಡೆಯಲು ಮಾತ್ರ ಸೋಮಾರಿಗಳು.

ಈಗ ಟಿಡಿಎಸ್ ಪೆನ್ನಿಗೆ ಬರುತ್ತೇನೆ, ನಿಮ್ಮ ಫೋಟೊದಲ್ಲಿ ಇದ್ದದ್ದು ಅದೇ. ನಮ್ಮ ಅಕ್ಕನನ್ನು ಕೊಟ್ಟಿರುವುದು ಅರಸೀಕೆರೆ ಕಡೆಯ ಹಳ್ಳಿಗೆ. ಅಲ್ಲಿ ಬೋರ್ ನೀರೇ ಗತಿ. ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ, ಹಂಡೆ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ನಾನು ಹೋಗಿದ್ದ ದಿನವೇ ನೀರಿನ ಲವಣ ತೆಗೆಯುವ ಆರ್‌ಒ ಫಿಲ್ಟರ್ ಮಾರುವ ಹುಡುಗ ಬಂದ. ಟೈ ಕಟ್ಟಿದ್ದ, ಬಿಸಿಲಿಗೆ ಪಾಪ ಬೆವರುತ್ತಿದ್ದ. ಅಕ್ಕ ಮಜ್ಜಿಗೆ ಕೊಟ್ಟಳು. ಕುಡಿದು, ಬ್ಯಾಗಿನಿಂದ ಪೆನ್ನು ತೆಗೆದು ಅಕ್ಕನ ಬಿಂದಿಗೆಯ ನೀರಿಗೆ ಅದ್ದಿ ‘ನೋಡಿ ಅಮ್ಮಾ, 870! ಇದು ನೀರಲ್ಲ, ವಿಷ’ ಅಂದ. ನನ್ನ ಜೇಬಿನಲ್ಲೂ ಒಂದು ಟಿಡಿಎಸ್ ಪೆನ್ನಿತ್ತು, ಅದನ್ನೂ ಅದ್ದಿದೆ. 620 ತೋರಿಸಿತು. ಒಂದೇ ಬಿಂದಿಗೆ, ಎರಡು ನಂಬರು. ಭಾವ ಇಬ್ಬರನ್ನೂ ನೋಡಿ ‘ಯಾರದ್ದು ಸರಿ?’ ಅಂದರು.

ಆಗ ನನ್ನ ಉತ್ತರ ‘ನನ್ನದೇ ಸರಿ’ ಅಂತ. ತಪ್ಪು. ಇಬ್ಬರದ್ದೂ ಸರಿಯಿತ್ತು! ಇದು ನನಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು.

ಟಿಡಿಎಸ್ ಪೆನ್ನು ಟಿಡಿಎಸ್ ಅಳೆಯುವುದೇ ಇಲ್ಲ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ನಿಜವಾಗಿ ತಿಳಿಯಬೇಕಾದರೆ ಲ್ಯಾಬಿನಲ್ಲಿ ನೀರನ್ನು ಸೋಸಿ, ಆವಿ ಮಾಡಿ, 180 ಡಿಗ್ರಿಯಲ್ಲಿ ಒಣಗಿಸಿ, ತಳದಲ್ಲಿ ಉಳಿದದ್ದನ್ನು ತೂಗಬೇಕು. ಪೆನ್ನು ಮಾಡುವುದು ಇಷ್ಟೇ, ಎರಡು ಪುಟ್ಟ ಲೋಹದ ಮೊನೆಗಳ ಮಧ್ಯೆ ನೀರು ಎಷ್ಟು ಕರೆಂಟ್ ಹರಿಸುತ್ತದೆ ಎಂದು ನೋಡುತ್ತದೆ. ಅದಕ್ಕೆ ಇಸಿ ಅನ್ನುತ್ತಾರೆ, ಮೈಕ್ರೋಸೀಮೆನ್ಸ್ ಲೆಕ್ಕದಲ್ಲಿ. ಆಮೇಲೆ ಅದನ್ನು ಒಂದು ಅಂಕಿಯಿಂದ ಗುಣಿಸಿ ಪಿಪಿಎಂ (ಹೆಚ್ಚುಕಮ್ಮಿ ಲೀಟರಿಗೆ ಇಷ್ಟು ಮಿಲಿಗ್ರಾಂ) ಅಂತ ತೋರಿಸುತ್ತದೆ. ಆ ಅಂಕಿ ಕೆಲವು ಪೆನ್ನುಗಳಲ್ಲಿ 0.5, ಕೆಲವದರಲ್ಲಿ 0.7. ಅಕ್ಕನ ಮನೆ ನೀರಿನ ಇಸಿ 1240 ಇತ್ತು. ಅದರ ಅರ್ಧ 620, ನನ್ನ ಪೆನ್ನು. 0.7ರಿಂದ ಗುಣಿಸಿದರೆ 868, ಆ ಹುಡುಗನ ಪೆನ್ನು. ಫಿಲ್ಟರ್ ಮಾರುವವನು ಯಾವ ಪೆನ್ನು ಇಟ್ಟುಕೊಳ್ಳುತ್ತಾನೆ ಅಂತ ನಾನು ಹೇಳಬೇಕಿಲ್ಲ. ಅದಕ್ಕೇ ಯಾರಾದರೂ ‘ಟಿಡಿಎಸ್ ಇಷ್ಟು’ ಅಂದರೆ ‘ಇಸಿ ಎಷ್ಟು ಹೇಳಿ’ ಅಂತ ಕೇಳಿ. ಬಹಳ ಪೆನ್ನುಗಳಲ್ಲಿ ಬಟನ್ ಒತ್ತಿದರೆ ಅದೂ ಬರುತ್ತದೆ.

ಇನ್ನು ‘ವಿಷ’ ಅನ್ನುವ ಮಾತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500, ಈಗ ಚಾಲ್ತಿಯಲ್ಲಿರುವುದು 2012ರದ್ದು. ಅದರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000ದವರೆಗೂ ಒಪ್ಪಬಹುದು. 620 ಆಗಲಿ 870 ಆಗಲಿ ರುಚಿಗೆ ಚೆನ್ನಾಗಿಲ್ಲ, ಪಾತ್ರೆಗೆ ಚೆನ್ನಾಗಿಲ್ಲ, ಆದರೆ ಆ ನಂಬರಿಗಷ್ಟೇ ವಿಷ ಅಂತ ಕರೆಯೋಕೆ ಬರಲ್ಲ.

ಆ ಹುಡುಗ ಅಷ್ಟಕ್ಕೆ ಬಿಡಲಿಲ್ಲ. ಇನ್ನೊಂದು ಪೆಟ್ಟಿಗೆ ತೆಗೆದ, ಅದಕ್ಕೆ ಎರಡು ಜೊತೆ ಲೋಹದ ಕಡ್ಡಿ. ಒಂದು ಲೋಟದಲ್ಲಿ ಅಕ್ಕನ ನೀರು, ಇನ್ನೊಂದರಲ್ಲಿ ತಾನು ತಂದ ಆರ್‌ಒ ನೀರು, ಎರಡಕ್ಕೂ ಕಡ್ಡಿ ಇಳಿಸಿ ಪ್ಲಗ್ಗಿಗೆ ಹಾಕಿದ. ಒಂದೆರಡು ನಿಮಿಷದಲ್ಲಿ ಅಕ್ಕನ ನೀರು ಕಂದು ಬಣ್ಣಕ್ಕೆ ತಿರುಗಿ, ಹಸಿರು ಮಿಶ್ರಿತ ಕೊಳೆ ತೇಲಿತು. ಆರ್‌ಒ ನೀರು ಹಾಗೇ ತಿಳಿಯಾಗಿತ್ತು. ಪಕ್ಕದ ಮನೆಯವರೆಲ್ಲ ಬಂದು ನೋಡಿ ‘ಅಯ್ಯಪ್ಪಾ’ ಅಂದರು. ನಾನು ಅಕ್ಕನಿಗೆ ಒಂದು ಚಿಟಿಕೆ ಉಪ್ಪು ತರಲು ಹೇಳಿ ಅವನ ಆರ್‌ಒ ನೀರಿಗೇ ಹಾಕಿದೆ. ಅದೂ ಕಂದಾಯಿತು. ಬಣ್ಣ ನೀರಿನದ್ದಲ್ಲ, ಕಡ್ಡಿಯದ್ದು. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಕರೆಂಟ್ ಹರಿಯೋಕೆ ಏನೂ ಇಲ್ಲ, ಅದಕ್ಕೆ ಕಡ್ಡಿ ಸುಮ್ಮನಿರುತ್ತದೆ. ಇಷ್ಟೇ ಆಟ. ಹುಡುಗನ ಮೇಲೆ ನನಗೆ ಕೋಪ ಇಲ್ಲ, ಅವನಿಗೂ ಇದು ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಉಪ್ಪು ಹಾಕಿದಾಗ ನಮ್ಮೆಲ್ಲರಿಗಿಂತ ಜಾಸ್ತಿ ಬೆಚ್ಚಿದ್ದು ಅವನೇ.

ಟಿಡಿಎಸ್ ಪೆನ್ನನ್ನು ಸರಿ ನೋಡುವುದು ಪಿಎಚ್‌ಗಿಂತ ಸುಲಭ. 1413 ಮೈಕ್ರೋಸೀಮೆನ್ಸ್ ದ್ರಾವಣ ಅಂತ ಸಣ್ಣ ಬಾಟಲಿ ಸಿಗುತ್ತದೆ, ಪೊಟ್ಯಾಸಿಯಂ ಕ್ಲೋರೈಡಿನದ್ದು. 25 ಡಿಗ್ರಿಯಲ್ಲಿ ಇಸಿ ಪೆನ್ನು ಅದರಲ್ಲಿ 1413 ತೋರಿಸಬೇಕು. 342 ಪಿಪಿಎಂ ಅಂತ ಅಡುಗೆ ಉಪ್ಪಿನ ದ್ರಾವಣವೂ ಸಿಗುತ್ತದೆ. ಯಾವುದೂ ಸಿಗದಿದ್ದರೆ ಮನೆಯಲ್ಲೇ ಒಂದು ಒರಟು ಪರೀಕ್ಷೆ ಮಾಡಬಹುದು. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆ ಹಾಕುವ ನೀರು ತನ್ನಿ, ಅದರಲ್ಲಿ ಪೆನ್ನು ಸೊನ್ನೆ ಅಥವಾ ಅದರ ಹತ್ತಿರ ತೋರಿಸಬೇಕು. ಆಮೇಲೆ ಆ ನೀರು ಒಂದು ಲೀಟರಿಗೆ ಸರಿಯಾಗಿ ಒಂದು ಗ್ರಾಂ ಉಪ್ಪು ಹಾಕಿ. ಒಂದು ಗ್ರಾಂ ತೂಗೋಕೆ ಚಿನ್ನದ ಅಂಗಡಿಯವರ ಹತ್ತಿರ ಹೋದೆ, ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. 0.5ರ ಪೆನ್ನಾದರೆ ಸುಮಾರು ಸಾವಿರ, 0.7ರದ್ದಾದರೆ ಸುಮಾರು 1400 ಬರಬೇಕು. ಅದೇ ನೀರಿಗೆ ಅಷ್ಟೇ ಬ್ಯಾಟರಿ ನೀರು ಬೆರೆಸಿದರೆ ನಂಬರು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಬೇಕು. ಇದು ಕ್ಯಾಲಿಬ್ರೇಷನ್ ಅಲ್ಲ, ಆದರೆ ಪೂರ್ತಿ ಸುಳ್ಳು ಹೇಳುವ ಪೆನ್ನು ಇಲ್ಲಿ ಸಿಕ್ಕಿಬೀಳುತ್ತದೆ.

ಬಳಸುವಾಗಲೂ ಸ್ವಲ್ಪ ಗಮನ ಬೇಕು. ಗೆರೆಯವರೆಗೆ ಮಾತ್ರ ಅದ್ದಿ, ಲೋಟದ ಗೋಡೆಗೆ ನಿಧಾನ ತಟ್ಟಿ, ಮೊನೆಗಳ ಮಧ್ಯೆ ಗಾಳಿಗುಳ್ಳೆ ಕೂತರೆ ನಂಬರು ಕಮ್ಮಿ ಬರುತ್ತದೆ. ನೀರು ಬಿಸಿಯಾದರೆ ಇಸಿ ಒಂದು ಡಿಗ್ರಿಗೆ ಸುಮಾರು ಶೇಕಡಾ ಎರಡರಷ್ಟು ಏರುತ್ತದೆ. ಪೆನ್ನೇ ಇದನ್ನು ಸರಿಮಾಡಿಕೊಳ್ಳುತ್ತದೆ ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ಆದರೆ ಪೆನ್ನು ಮೊದಲು ನೀರಿನ ಬಿಸಿಗೆ ಹೊಂದಿಕೊಳ್ಳಬೇಕಲ್ಲ, ಒಂದು ನಿಮಿಷವಾದರೂ ಬಿಡಿ. ಬೋರ್ ನೀರಿನ ಪಿಎಚ್ ನೋಡುವುದಾದರೆ ಬೋರಿನ ಹತ್ತಿರವೇ ನೋಡಿ. ಬಾಟಲಿಯಲ್ಲಿ ಮನೆಗೆ ತರುವಷ್ಟರಲ್ಲಿ ಒಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರಿರುತ್ತದೆ. ನಮ್ಮ ಮಲೆನಾಡಿನ ಹಳ್ಳದ ನೀರಿನದ್ದು ಇನ್ನೊಂದು ತಮಾಷೆ. ನಮ್ಮ ಹಳ್ಳದಲ್ಲಿ ಟಿಡಿಎಸ್ 30 ದಾಟುವುದಿಲ್ಲ, ಲವಣವೇ ಇಲ್ಲ ಅನ್ನಬಹುದು. ಅಂಥ ನೀರಿನಲ್ಲಿ ಪಿಎಚ್ ಪೆನ್ನು ಒಂದು ಕಡೆ ನಿಲ್ಲುವುದಿಲ್ಲ, 6.1, 6.4, 6.8 ಅಂತ ಅಲೆಯುತ್ತಲೇ ಇರುತ್ತದೆ. ಪೆನ್ನು ಕೆಟ್ಟಿದೆ ಅಂತಲ್ಲ. ಎರಡು ಮೂರು ನಿಮಿಷ ಕಾಯಬೇಕು, ಕಾಯುವ ತಾಳ್ಮೆ ಇಲ್ಲದಿದ್ದರೆ ಅಳೆಯಬಾರದು.

ಈಗ ನಿಮ್ಮ ಫೋಟೊದ ವಿಷಯ. ಆ ಪೆನ್ನು ನೂರಕ್ಕೆ ನೂರು ಸರಿಯಿತ್ತು ಅಂತಲೇ ಇಟ್ಟುಕೊಳ್ಳೋಣ. ಇಸಿ 280, ಟಿಡಿಎಸ್ 140, ಪಕ್ಕಾ. ಆದರೂ ‘ಕುಡಿಯಲು ಯೋಗ್ಯ’ ಅಂತ ಬರೆಯೋಕೆ ಬರಲ್ಲ. ಎಮ್ಮೆಯ ಸಗಣಿಯಲ್ಲಿ ಇರುವ ಕ್ರಿಮಿ ಕರೆಂಟ್ ಹರಿಸುವುದಿಲ್ಲ. ಐಎಸ್ 10500 ಪ್ರಕಾರ 100 ಮಿಲಿ ನೀರಿನಲ್ಲಿ ಮಲದಿಂದ ಬರುವ ಇ-ಕೋಲೈ ಅನ್ನುವ ಕ್ರಿಮಿ ಒಂದೇ ಒಂದೂ ಸಿಗಬಾರದು, ಅದನ್ನು ಈ ಪೆನ್ನು ಜನ್ಮದಲ್ಲಿ ಹೇಳಲ್ಲ. ನಮ್ಮ ಹಳ್ಳದ ನೀರಿಗೂ 28 ಅಂತ ನಂಬರು ಬರುತ್ತದೆ, ಅದನ್ನೇ ಹೇಳಿಕೊಂಡು ನಾನು ಒಂದು ಮಳೆಗಾಲ ಕುದಿಸದೆ ಕುಡಿದೆ, ಮನೆಯಲ್ಲಿ ಮೂರು ಜನರಿಗೆ ವಾಂತಿಭೇದಿ ಆಯಿತು. ಕುದಿಸಿದ ಮೇಲೂ ಪೆನ್ನು ಅದೇ 28 ತೋರಿಸಿತು. ಸತ್ತ ಕ್ರಿಮಿ, ಬದುಕಿದ ಕ್ರಿಮಿ ಅದಕ್ಕೆ ಎರಡೂ ಒಂದೇ. ಕ್ರಿಮಿ ನೋಡೋಕೆ ಬೇರೆ ಬಾಟಲಿ ಇದೆ, ನೀರು ತುಂಬಿ ಬೆಚ್ಚಗೆ ಒಂದೆರಡು ದಿನ ಇಟ್ಟರೆ ಮಲದ ಕಲ್ಮಶ ಇದ್ದಾಗ ಕಪ್ಪಾಗುತ್ತದೆ. ಹತ್ತಿರದ ಆಶಾ ಕಾರ್ಯಕರ್ತೆಯನ್ನೋ ಪಂಚಾಯಿತಿಯ ನೀರುಗಂಟಿಯನ್ನೋ ಕೇಳಿದರೆ ಗೊತ್ತಿರುತ್ತದೆ.

ಅಕ್ಕನ ಕಡೆಯದು ಬೇರೆ ಚಿಂತೆ, ಫ್ಲೋರೈಡ್. ಅರಸೀಕೆರೆ, ಕಡೂರು ಕಡೆಯವರಿಗೆ ಈ ಹೆಸರು ಹೊಸದಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5, ಅದರಾಚೆ ಮಕ್ಕಳ ಹಲ್ಲಿಗೆ ಕಲೆ, ಇನ್ನೂ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗೆ ಪೆಟ್ಟು. 620ರ ಒಳಗೆ ಫ್ಲೋರೈಡ್ ಅರ್ಧ ಇದೆಯೋ ಮೂರು ಇದೆಯೋ ಪೆನ್ನಿಗೆ ಗೊತ್ತಾಗುವುದಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಅಲ್ಲಿ ಆರ್‌ಒ ಬೇಕಾಗಬಹುದು, ಆದರೆ ಅದನ್ನು ಹೇಳಬೇಕಾದ್ದು ಲ್ಯಾಬಿನ ವರದಿ, ಟೈ ಕಟ್ಟಿದ ಹುಡುಗನ ಪೆನ್ನಲ್ಲ. ನಮ್ಮ ಮೂಡಿಗೆರೆ ಕಡೆ 30ರ ನೀರಿಗೆ ಆರ್‌ಒ ಹಾಕಿಸಿಕೊಂಡವರೂ ಇದ್ದಾರೆ. ಇಲ್ಲದ ಲವಣವನ್ನು ತೆಗೆಯಲು ಅರ್ಧಕ್ಕರ್ಧ ನೀರು ಮೋರಿಗೆ. 500ಕ್ಕಿಂತ ಕಮ್ಮಿ ಟಿಡಿಎಸ್ ಇರುವ ಕಡೆ ಆರ್‌ಒ ಬಳಕೆ ನಿಲ್ಲಿಸಬೇಕು ಎಂದು ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು, ಅಂಗಡಿಯಲ್ಲಿ ಯಾರೂ ಅದನ್ನು ನೆನಪಿಸುವುದಿಲ್ಲ.

ಇನ್ನು ನಾನು ನಿಜವಾಗಿ ಹೇಳಬೇಕು ಅಂತ ಕೂತದ್ದು. ಅಕ್ಕನ ಊರಿನ ಹತ್ತಿರ ಒಂದು ಶುದ್ಧ ನೀರಿನ ಘಟಕ ಇದೆ. ಕಾಯಿನ್ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಯಾವ ಊರು ಅಂತ ಹೇಳಲ್ಲ, ಹೇಳಿದರೆ ಅಲ್ಲಿನ ಹುಡುಗನಿಗೆ ತೊಂದರೆ. ಗೋಡೆ ಮೇಲೆ ಕೆಂಪು ಅಂಕಿಯ ಮೀಟರ್, ಅದರಲ್ಲಿ ಟಿಡಿಎಸ್ 38. ಕ್ಯಾನಿನ ನೀರು ಬಾಯಿಗೆ ಹಾಕಿದೆ, ಬೋರಿನ ರುಚಿಯೇ ಇತ್ತು. ಅದೇ ವಾರ 1413ರಲ್ಲಿ ಸರಿ ನೋಡಿಕೊಂಡಿದ್ದ ನನ್ನ ಪೆನ್ನು ಅದ್ದಿದೆ. 310 ಬಂತು. ಹುಡುಗನನ್ನು ಕರೆದು ಗೋಡೆ ಮೀಟರ್ ತೋರಿಸಿ ‘ಏನಪ್ಪಾ ಇದು?’ ಅಂದೆ. ‘ಅದು ಯಾವಾಗಲೂ 38ಏ ಸಾರ್’ ಅಂದ, ಹೆಮ್ಮೆಯಿಂದ. ಹಿಂದೆ ಹೋಗಿ ನೋಡಿದರೆ ಮೀಟರಿನ ಪ್ರೋಬು, ಅಂದರೆ ನೀರಿನಲ್ಲಿ ಇರಬೇಕಾದ ಮೊನೆ, ಪೈಪಿನಿಂದ ಹೊರಬಂದು, ವೈರಿನ ಸಮೇತ ಜೇಡರ ಬಲೆಯಲ್ಲಿ ನೇತಾಡುತ್ತಿತ್ತು. ಎಷ್ಟು ತಿಂಗಳಿಂದಲೋ. ಒಳಗಿನ ಲವಣ ಸೋಸುವ ಮೆಂಬ್ರೇನ್ ಯಾವತ್ತು ಹೋಯಿತೋ ಯಾರಿಗೂ ಗೊತ್ತಿಲ್ಲ, ಜನ ಗೋಡೆ ನೋಡಿ ನೀರು ತುಂಬಿಸಿಕೊಳ್ಳುತ್ತಿದ್ದರು.

ನಾವು ಹಾಸನ, ಚಿಕ್ಕಮಗಳೂರಿನವರು ಅಳತೆ ಗೊತ್ತಿಲ್ಲದ ಜನ ಅಲ್ಲ. ಬೆಳಿಗ್ಗೆ ಡೇರಿಯಲ್ಲಿ ಫ್ಯಾಟ್ ಎರಡು ಪಾಯಿಂಟ್ ಕಮ್ಮಿ ಬಂದರೆ ಸೆಕ್ರೆಟರಿ ಜೊತೆ ನಿಂತಲ್ಲೇ ಜಗಳ, ‘ಇನ್ನೊಂದ್ ಸಲ ನೋಡಿ, ಮಿಷನ್ ಸರಿ ಇಲ್ಲ’ ಅಂತ. ಮೆಣಸು ಮಾರುವಾಗ ವ್ಯಾಪಾರಿಯ ಮಾಯಿಶ್ಚರ್ ಮೀಟರನ್ನು ನಂಬದೆ ಇನ್ನೊಂದು ಅಂಗಡಿಯಲ್ಲಿ ನೋಡಿಸಿಕೊಂಡು ಬರುತ್ತೇವೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಇಲಾಖೆಯವರ ಮುದ್ರೆ ಆಗಬೇಕು. ಹಣ ಬರುವ ಕಡೆ ಎಲ್ಲ ಮೀಟರಿನ ಮೇಲೂ ಅನುಮಾನ ಇದೆ. ನೀರಿನ ಮೀಟರ್ ಏನು ಹೇಳಿದರೂ ವೇದವಾಕ್ಯ.

ದೊಡ್ಡ ಬೇಡಿಕೆ ಏನಿಲ್ಲ. ಪ್ರತಿ ನೀರಿನ ಘಟಕದ ಗೋಡೆಯ ಮೇಲೆ ಟಿಡಿಎಸ್ ನಂಬರಿನ ಕೆಳಗೆ ಚಾಕ್‌ಪೀಸಿನಲ್ಲಾದರೂ ಸರಿ ಒಂದು ಸಾಲು ಬರೆಯಲಿ, ‘ಈ ಮೀಟರನ್ನು ಇಂಥ ದಿನ ಪರೀಕ್ಷಿಸಲಾಗಿದೆ, 1413ರಲ್ಲಿ ಇಷ್ಟು ತೋರಿಸಿತು’ ಅಂತ. ಪಂಚಾಯಿತಿಗೆ ಒಂದು ಬಾಟಲಿ ಸಾಕು, ಗ್ರಾಮಸಭೆಯ ಟೀ ಖರ್ಚಿಗಿಂತ ಕಮ್ಮಿ. ಜಲ ಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು ಅಂತ ಇದೆ. ಅಕ್ಕನ ಊರಿನಲ್ಲಿ ತರಬೇತಿ ಪಡೆದವರಲ್ಲಿ ನಮ್ಮ ಸೊಸೆ ಒಬ್ಬಳು, ಅಕ್ಕನ ಮಗನ ಹೆಂಡತಿ. ಬಣ್ಣ ನೋಡಿ ಫ್ಲೋರೈಡ್ ಹೇಳುವಷ್ಟು ಕಲಿತಿದ್ದಾಳೆ. ಆದರೆ ಕಿಟ್ಟಿನ ಔಷಧಿಯ ಅವಧಿ ಮುಗಿದಿದೆ, ಹೊಸದು ಕೇಳಿದರೆ ಮುಂದಿನ ತಿಂಗಳು ಅನ್ನುತ್ತಾರಂತೆ. ಕಲಿತವರಿದ್ದಾರೆ, ಪುಡಿ ಇಲ್ಲ. ನಿಮ್ಮ ವರದಿಗಾರರು ಬರೆಯುವುದಾದರೆ ಇದನ್ನು ಬರೆಯಲಿ.

ಮತ್ತೆ ನಿಮ್ಮಲ್ಲೂ ಒಂದು ವಿನಂತಿ. ಮುಂದೆ ಮೀಟರ್ ಹಿಡಿದ ಫೋಟೊ ಬಂದರೆ, ಅದನ್ನು ಕೊನೆಯ ಸಲ ಯಾವಾಗ ಸರಿ ನೋಡಿದ್ದು ಅಂತ ಫೋಟೊದಲ್ಲಿರುವವರನ್ನು ಒಂದು ಮಾತು ಕೇಳಿ. ಟಿಡಿಎಸ್ ಒಂದನ್ನೇ ಹಿಡಿದು ‘ಯೋಗ್ಯ’ ಅನ್ನುವ ಪದ ಹಾಕಬೇಡಿ, ‘ಟಿಡಿಎಸ್ 140’ ಅಂತ ಬರೆದು ಬಿಟ್ಟುಬಿಡಿ. ಎಮ್ಮೆ ಇದ್ದರೆ ಎಮ್ಮೆಯನ್ನೂ ಬರೆಯಿರಿ.

ಫೋಟೊದಲ್ಲಿದ್ದ ಯಜಮಾನರು ಇದನ್ನು ಓದಿದರೆ ಬೇಜಾರು ಮಾಡಿಕೊಳ್ಳಬಾರದು, ನಾನೂ ಅದೇ ದಾರಿಯಲ್ಲಿ ಬಂದವನು. ಮೂಡಿಗೆರೆ ಕಡೆ ಬಂದಾಗ ಪೆನ್ನು ತನ್ನಿ. ನನ್ನ ಹತ್ತಿರ 1413ರ ಬಾಟಲಿ ಇನ್ನೂ ಮುಕ್ಕಾಲು ಭಾಗ ಇದೆ, ಅವಧಿಯೂ ಇದೆ. ಬಾಟಲಿಗೇ ಅದ್ದಲು ಮಾತ್ರ ಬಿಡುವುದಿಲ್ಲ, ಲೋಟ ಕೊಡುತ್ತೇನೆ.

ಇಂತಿ,
ಒಬ್ಬ ಸಣ್ಣ ಕಾಫಿ ಬೆಳೆಗಾರ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ